ಬಿ.ಎ. ಮುಗಿದ ಮೇಲೆ ಯಾವ ಎಂ.ಎ.? ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಸಮಾಜ ವಿಜ್ಞಾನಗಳ ಹೋಲಿಕೆ

ಬಿ.ಎ. ಕೊನೆಯ ಸೆಮಿಸ್ಟರ್ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಮನೆಗಳಲ್ಲಿ ಏಳುವ ಮಾತು ಒಂದೇ: "ಎಂ.ಎ. ಮಾಡಿ ಏನ್ ಮಾಡ್ತಿ? ಬಿ.ಎಡ್. ಮುಗಿಸು, ಮಾಸ್ತರಿಕಿನಾರ ಸಿಗ್ತದ." ಗೆಳೆಯರ ಮಾತು ಇನ್ನೊಂದು: "ನಾವೆಲ್ಲಾ ಸಮಾಜಶಾಸ್ತ್ರಕ್ಕ ಹಾಕೀವಿ, ನೀನೂ ಹಾಕಿಬಿಡು, ಮಾರ್ಕ್ಸ್ ಚಲೋ ಬೀಳ್ತಾವ." ಈ ಎರಡು ಮಾತುಗಳ ನಡುವೆಯೇ ಎರಡು ವರ್ಷದ ಓದು ತೀರ್ಮಾನವಾಗಿಬಿಡುತ್ತದೆ. ಓದುವವರ ಮಾತು ಮಾತ್ರ ಅಲ್ಲಿ ಕೇಳುವುದೇ ಇಲ್ಲ.

ಪದವಿ ತರಗತಿಗಳಿಗೆ ಪಾಠ ಮಾಡುವ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು: ಬಿ.ಎ.ದಲ್ಲಿ ಯಾವುದಕ್ಕೆ ಹೆಚ್ಚು ಅಂಕ ಬಂದವು ಎಂದು ನೋಡಿ ವಿಷಯ ಆರಿಸಬೇಡಿ. ಆ ವಿಷಯದಲ್ಲಿ ದಿನಾ ಕೂತು ಮಾಡುವ ಕೆಲಸ ಏನು, ಅದನ್ನು ನಾಲ್ಕು ಸೆಮಿಸ್ಟರ್ ಮಾಡುವ ಮನಸ್ಸು ನಿಮಗಿದೆಯೇ, ಮುಗಿದ ಮೇಲೆ ಆ ಪದವಿ ಯಾವ ಹುದ್ದೆಗೆ ಅರ್ಜಿ ಹಾಕಲು ಅರ್ಹತೆ ಕೊಡುತ್ತದೆ, ಇವನ್ನು ನೋಡಿ. ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ (ಎಂ.ಎಸ್.ಡಬ್ಲ್ಯು.) ಎಲ್ಲವೂ ಪ್ರಾಸ್ಪೆಕ್ಟಸ್‌ನಲ್ಲಿ ಒಂದೇ ಸಾಲಿನಲ್ಲಿ ಇರುತ್ತವೆ. ಒಳಗೆ ಹೋದರೆ ಒಂದಕ್ಕೊಂದು ತೀರಾ ಬೇರೆ.

ಮೊದಲು ಬಿ.ಎಡ್.ನ ಮಾತು

ಮನೆಯವರು ಹೇಳುವುದರಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬಾರದು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕರಾಗಲು ಎಂ.ಎ. ಬೇಡ; ಬಿ.ಎ. ಜೊತೆ ಬಿ.ಎಡ್. ಇದ್ದರೆ ಸಾಕು. ಆರರಿಂದ ಎಂಟನೇ ತರಗತಿಗಳ ನೇಮಕಾತಿಗಾದರೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಕೂಡ ಪಾಸಾಗಿರಬೇಕು. 2015ರಿಂದ ಬಿ.ಎಡ್. ಕೂಡ ಎರಡು ವರ್ಷದ ಕೋರ್ಸ್. ಅಂದರೆ ಎರಡರಲ್ಲಿ ಯಾವುದು ಹಿಡಿದರೂ ಹೋಗುವುದು ಎರಡು ವರ್ಷವೇ.

ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಗೆ ಲೆಕ್ಕ ಬದಲಾಗುತ್ತದೆ. ಆ ವಿಷಯದಲ್ಲಿ ಶೇ. 55 ಅಂಕಗಳ ಸ್ನಾತಕೋತ್ತರ ಪದವಿಯೂ ಬೇಕು, ಬಿ.ಎಡ್. ಸಹ ಬೇಕು. ಬಿ.ಎ. ಆದ ಮೇಲೆ ನಾಲ್ಕು ವರ್ಷ ಎಂದಾಯಿತು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಎಡ್. ಬೇಡ, ಶೇ. 55ರ ಎಂ.ಎ. ಜೊತೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್, ಇಲ್ಲವೇ ಪಿಎಚ್.ಡಿ. ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತಿತರ ಮೀಸಲು ವರ್ಗದವರಿಗೆ ಅಂಕದಲ್ಲಿ ಸಡಿಲಿಕೆ ಇದೆ. ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಬರೀ ಪದವಿ ಸಾಕು. ಅಂಥ ಪರೀಕ್ಷೆಗೆ ಓದುವವರು ಹಾಸ್ಟೆಲ್ ರೂಮು ಸಿಗಲೆಂದು ಎಂ.ಎ.ಗೆ ಸೇರುವುದುಂಟು. ಎರಡೂ ಅರೆಬರೆ ಆಗುವುದನ್ನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಆ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಮನೆಯಲ್ಲಿ ಬೇಗ ದುಡಿಯಲೇಬೇಕಾದ ಸ್ಥಿತಿ ಇದ್ದರೆ ಬಿ.ಎಡ್. ಮೊದಲಿರಲಿ, ಎಂ.ಎ.ಯನ್ನು ಆಮೇಲೆ ದೂರಶಿಕ್ಷಣದಲ್ಲಿ ಮಾಡಬಹುದು. ಕಾಲೇಜು ಪಾಠ, ಸಂಶೋಧನೆ, ಸಂಸ್ಥೆಗಳಲ್ಲಿ ಕೆಲಸ, ಇವುಗಳ ಕಡೆ ಮನಸ್ಸಿದ್ದರೆ ಎಂ.ಎ. ಮೊದಲು, ಅದೂ ರೆಗ್ಯುಲರ್ ಆಗಿಯೇ.

ಅರ್ಥಶಾಸ್ತ್ರ: ದಾರಿಗಳು ಹೆಚ್ಚು, ಮೊದಲ ವರ್ಷ ಕಷ್ಟ

ಯಾವುದರ ಮೇಲೂ ವಿಶೇಷ ಒಲವಿಲ್ಲ, ಆದರೆ ಲೆಕ್ಕ ಎಂದರೆ ಹೆದರಿಕೆಯೂ ಇಲ್ಲ ಎನ್ನುವವರಿಗೆ ನಾನು ಅರ್ಥಶಾಸ್ತ್ರವನ್ನೇ ಹೇಳುತ್ತೇನೆ. ಕಾರಣ ಸರಳ. ಪಿಯುದಲ್ಲಿ ಕಲಾ ವಿಭಾಗಕ್ಕೂ ಅರ್ಥಶಾಸ್ತ್ರ ಇದೆ, ವಾಣಿಜ್ಯ ವಿಭಾಗಕ್ಕೂ ಇದೆ. ಕಲಾ ವಿಭಾಗದ ಪ್ರವೇಶ ಕುಸಿದ ಕಾಲೇಜಿನಲ್ಲೂ ಕಾಮರ್ಸ್ ಓಡುತ್ತಿದ್ದರೆ ಅರ್ಥಶಾಸ್ತ್ರದ ಮೇಷ್ಟ್ರು ಬೇಕಾಗುತ್ತಾರೆ. ಬ್ಯಾಂಕು, ಸಮೀಕ್ಷಾ ಸಂಸ್ಥೆಗಳಲ್ಲೂ ಅಂಕಿ-ಅಂಶ ಓದಬಲ್ಲವರಿಗೆ ಬೆಲೆಯಿದೆ.

ತೊಡಕು ಮೊದಲ ವರ್ಷದಲ್ಲೇ ಶುರು. ಬಿ.ಎ.ದಲ್ಲಿ ಬೇಡಿಕೆ ರೇಖೆಯನ್ನು ಮಾತಿನಲ್ಲಿ ವಿವರಿಸಿ ಅಂಕ ಗಳಿಸಿದವರಿಗೆ ಎಂ.ಎ.ದಲ್ಲಿ ಅದೇ ರೇಖೆ ಸಮೀಕರಣವಾಗಿ ಎದುರು ಬರುತ್ತದೆ. ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಆಮೇಲೆ ಅರ್ಥಮಿತಿ (ಎಕನಾಮೆಟ್ರಿಕ್ಸ್). ಎಸ್ಸೆಸ್ಸೆಲ್ಸಿ ನಂತರ ಗಣಿತ ಮುಟ್ಟದವರೇ ನಮ್ಮಲ್ಲಿ ಹೆಚ್ಚು. ಅವರು ಸೇರಲೇಬಾರದು ಎಂದು ನಾನು ಹೇಳುವುದಿಲ್ಲ. ಬಿ.ಎ. ಪರೀಕ್ಷೆ ಮುಗಿದು ತರಗತಿ ಆರಂಭವಾಗುವವರೆಗಿನ ಬಿಡುವಿನಲ್ಲಿ ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ, ಅವಕಲನದ ಮೊದಲ ಪಾಠಗಳು, ಜೊತೆಗೆ ಕಂಪ್ಯೂಟರಿನಲ್ಲಿ ಎಕ್ಸೆಲ್, ಇಷ್ಟನ್ನು ಗಟ್ಟಿ ಮಾಡಿಕೊಂಡು ಹೋದರೆ ಸಾಕು.

ಇಲ್ಲಿ ಓದುವವರಿಗೆ ಒಂದು ದೊಡ್ಡ ಲಾಭವಿದೆ. ಪುಸ್ತಕದ ಪ್ರಶ್ನೆಗಳು ಊರ ಮುಂದೆಯೇ ನಡೆಯುತ್ತಿರುತ್ತವೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಕ್ವಿಂಟಲ್‌ಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ. 10.25 ಇದ್ದರೆ. ಟನ್‌ಗೆ 3,550 ಆಯಿತು. ಹಾಗಿದ್ದ ಮೇಲೆ 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು 3,500 ಕೊಡಿ ಎಂದು ರಸ್ತೆಯಲ್ಲಿ ಏಕೆ ಕೂತರು? ಕಟಾವು ಮತ್ತು ಸಾಗಣೆ ಖರ್ಚು ಯಾರ ಲೆಕ್ಕದಲ್ಲಿ ಕಳೆಯುತ್ತದೆ, ಇಳುವರಿಯನ್ನು ಅಳೆಯುವವರು ಯಾರು, ಸಕ್ಕರೆಯ ಜೊತೆ ಎಥೆನಾಲ್ ಮಾರಿದ ಹಣ ಎಲ್ಲಿ ಸೇರುತ್ತದೆ? ಈ ಪ್ರಶ್ನೆಗಳನ್ನು ಬಿಡಿಸಲು ಕೂತರೆ ಬೆಲೆ ಸಿದ್ಧಾಂತ, ಮಾರುಕಟ್ಟೆ ಶಕ್ತಿ, ಸರ್ಕಾರದ ಪಾತ್ರ ಮೂರೂ ಒಂದೇ ಹೊಲದಲ್ಲಿ ಸಿಗುತ್ತವೆ. ತಿಕೋಟಾ ಕಡೆಯ ಒಣದ್ರಾಕ್ಷಿ, ಇಂಡಿಯ ನಿಂಬೆ, ಇಳಕಲ್ಲಿನ ಮಗ್ಗ, ಬೆಳಗಾವಿಯ ಫೌಂಡ್ರಿ ಒಂದೊಂದೂ ಒಂದು ಪ್ರಬಂಧಕ್ಕಾಗುವಷ್ಟು ಸರಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಯಾವ ಸೂಚ್ಯಂಕದಿಂದ ಹಾಗೆ ಅಳೆದರು ಎಂಬುದನ್ನು ಬಿಡಿಸಿ ಓದಿ ನಿಮ್ಮ ತಾಲ್ಲೂಕಿನ ಇಂದಿನ ಅಂಕಿಗಳನ್ನು ಅದರಲ್ಲಿ ಇಟ್ಟು ನೋಡಿದ ವಿದ್ಯಾರ್ಥಿ ಗೈಡ್ ಓದಿ ಪಾಸಾದವರಿಗಿಂತ ಬಹಳ ಮುಂದಿರುತ್ತಾನೆ.

ಇತಿಹಾಸ

ಇತಿಹಾಸವನ್ನು ಸುಲಭದ ವಿಷಯ ಎಂದುಕೊಂಡು ಬರುವವರನ್ನು ಕಂಡರೆ ನನಗೆ ನೋವಾಗುತ್ತದೆ. ಇಸವಿ, ಯುದ್ಧ, ರಾಜರ ಪಟ್ಟಿಯನ್ನು ಬಾಯಿಪಾಠ ಮಾಡಿ ಎಂ.ಎ. ಪಾಸಾಗಬಹುದು ನಿಜ. ಇತಿಹಾಸದ ಕೆಲಸ ಮಾತ್ರ ಬೇರೆಯೇ ಇದೆ: ಒಂದು ಶಾಸನ, ಒಂದು ಕಾಗದ, ಒಂದು ಕಟ್ಟಡ ಎದುರಿಗಿಟ್ಟುಕೊಂಡು ಇದನ್ನು ಯಾರು, ಯಾವಾಗ, ಯಾರಿಗಾಗಿ ಮಾಡಿದರು ಎಂದು ಕೇಳುವುದು, ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯುವುದು. ಅದಕ್ಕೆ ತಾಳ್ಮೆ ಬೇಕು.

ಆ ಕೆಲಸಕ್ಕೆ ನಮ್ಮ ಮೂರು ಜಿಲ್ಲೆಗಳಷ್ಟು ಒಳ್ಳೆಯ ಜಾಗ ಕರ್ನಾಟಕದಲ್ಲಿ ಹೆಚ್ಚು ಇಲ್ಲ. ಬಾದಾಮಿಯಲ್ಲಿ ಒಂದನೆಯ ಪುಲಕೇಶಿಯ 543ರ ಬಂಡೆಗಲ್ಲಿನ ಶಾಸನ, ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನ, ಊರಾಚೆ ತ್ರಿಪದಿಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದದ್ದು. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ವಿಜಯಪುರಕ್ಕೆ ಬಂದರೆ ಆದಿಲ್‌ಶಾಹಿಯ ಇಡೀ ನಗರ, ಅದರ ಕೆರೆ-ಬಾವಿ-ನೀರುಗಾಲುವೆಗಳ ಜಾಲ. ಬೆಳಗಾವಿ ಕಡೆ 1824ರ ಕಿತ್ತೂರು, ಮುಧೋಳದ ಹತ್ತಿರ 1857ರ ಹಲಗಲಿ ಬೇಡರ ದಂಗೆ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದ 1924ರ ಬೆಳಗಾವಿ. ಪೇಶ್ವೆ ಕಾಲದ ಲೆಕ್ಕಪತ್ರಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ, ಆದಿಲ್‌ಶಾಹಿಯವು ಫಾರ್ಸಿಯಲ್ಲಿ. ಕನ್ನಡದ ಜೊತೆ ಮೋಡಿ ಲಿಪಿಯೊಂದನ್ನು ಕಲಿತರೂ, ಕನ್ನಡದಲ್ಲಿ ಬರೆಯುವ ಸಂಶೋಧಕರಲ್ಲಿ ಹೆಚ್ಚಿನವರು ತೆರೆಯದ ಕಾಗದ ನಿಮ್ಮ ಕೈಗೆ ಬರುತ್ತದೆ.

ಕೆಲಸದ ಮಾತಿಗೆ ಬಂದರೆ, ಪಿಯುದಲ್ಲಿ ಇತಿಹಾಸ ಕಲಾ ವಿಭಾಗದ ಜೊತೆ ವಾಣಿಜ್ಯದ ಒಂದು ಸಂಯೋಜನೆಯಲ್ಲೂ ಇದೆ. ಪುರಾತತ್ವ ಇಲಾಖೆ, ವಸ್ತುಸಂಗ್ರಹಾಲಯಗಳ ಹುದ್ದೆ ಕಡಿಮೆ, ಸ್ಪರ್ಧೆ ಜಾಸ್ತಿ. ಅದನ್ನೇ ನಂಬಿಕೊಂಡು ಸೇರುವುದು ಬೇಡ. ಹಳೆಯ ಕಲ್ಲಿನ ಮುಂದೆ ಕಾಲು ತಾನಾಗಿಯೇ ನಿಲ್ಲುವವರು ಸೇರಲಿ.

ರಾಜ್ಯಶಾಸ್ತ್ರ

ರಾಜ್ಯಶಾಸ್ತ್ರ ಓದಿದರೆ ಕೆಎಎಸ್‌ಗೆ ಅನುಕೂಲ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ಅರ್ಧ ಮಾತ್ರ ಸರಿ. ಸಂವಿಧಾನ, ಪಂಚಾಯತ್ ರಾಜ್, ಆಡಳಿತದ ಭಾಗಗಳು ಪರೀಕ್ಷೆಗೆ ಉಪಯೋಗಕ್ಕೆ ಬರುತ್ತವೆ. ಎಂ.ಎ. ಪಠ್ಯದ ಇನ್ನೊಂದು ದೊಡ್ಡ ಭಾಗ ಪ್ಲೇಟೋ, ಅರಿಸ್ಟಾಟಲ್‌ರಿಂದ ಮಾರ್ಕ್ಸ್, ಗಾಂಧಿ, ಅಂಬೇಡ್ಕರ್‌ವರೆಗಿನ ರಾಜಕೀಯ ಚಿಂತನೆ ಮತ್ತು ಅಂತರರಾಷ್ಟ್ರೀಯ ಸಂಬಂಧ. ಆ ಓದಿನಲ್ಲಿ ಆಸಕ್ತಿ ಇಲ್ಲದಿದ್ದರೆ ಮೊದಲ ಸೆಮಿಸ್ಟರೇ ಹೊರೆಯಾಗುತ್ತದೆ. ಯುಪಿಎಸ್‌ಸಿ ಬರೆಯುವವರ ಲೆಕ್ಕ ಬೇರೆ: ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ 500 ಐಚ್ಛಿಕ ವಿಷಯಕ್ಕಿವೆ. ಅಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ ನಾಲ್ಕೂ ಇವೆ. ಎರಡು ವರ್ಷದ ಓದು ನೇರವಾಗಿ ಫಲ ಕೊಡುವುದು ಅಲ್ಲಿ.

ನಮ್ಮ ಕಡೆ ಈ ವಿಷಯಕ್ಕೆ ಜೀವ ತುಂಬುವುದು ಗಡಿ ಮತ್ತು ನೀರು. ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದದ ಬಗ್ಗೆ 1967ರ ಮಹಾಜನ ವರದಿ ಏನು ಹೇಳಿತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು ಯಾವ ವಾದದ ಮೇಲೆ, ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದ ಮೇಲೂ ಕಾಮಗಾರಿ ಯಾಕೆ ತಡೆಯುತ್ತಲೇ ಬಂತು, ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಾಲ್ಕು ರಾಜ್ಯಗಳನ್ನು ಹೇಗೆ ಕಟ್ಟಿಹಾಕಿದೆ: ಒಕ್ಕೂಟ ವ್ಯವಸ್ಥೆಯನ್ನು ಕಲಿಯಲು ಇದಕ್ಕಿಂತ ಹತ್ತಿರದ ಪಾಠವಿಲ್ಲ. ಭಾಷಣದ ಬಿಸಿ ಬಿಟ್ಟು ತೀರ್ಪಿನ ಪುಟ ಓದುವ ಅಭ್ಯಾಸ ಬೇಕು ಅಷ್ಟೇ.

ಸಮಾಜಶಾಸ್ತ್ರವೋ, ಎಂ.ಎಸ್.ಡಬ್ಲ್ಯು.ವೋ?

ಇವೆರಡನ್ನೂ ಒಟ್ಟಿಗೇ ನೋಡಬೇಕು, ಏಕೆಂದರೆ ನಮ್ಮ ವಿದ್ಯಾರ್ಥಿಗಳು ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ ಮಾಜಿ ದೇವದಾಸಿಯ ಮನೆಯೊಂದಿದೆ ಎನ್ನಿ. ಸಮಾಜಶಾಸ್ತ್ರದ ವಿದ್ಯಾರ್ಥಿನಿ ಅಲ್ಲಿ ಹೋದರೆ ಕೂತು ಕೇಳುತ್ತಾಳೆ: ಯಾವ ವಯಸ್ಸಿನಲ್ಲಿ ಮುತ್ತು ಕಟ್ಟಿದರು, ಕಟ್ಟಿಸಿದವರು ಯಾರು, 1982ರ ನಿಷೇಧ ಕಾಯ್ದೆ ಬಂದ ಮೇಲೆ ಊರಲ್ಲಿ ಏನು ಬದಲಾಯಿತು, ಜಾತಿಯೂ ಬಡತನವೂ ಇಲ್ಲಿ ಹೇಗೆ ಹೆಣೆದುಕೊಂಡಿವೆ. ಕೇಳಿದ್ದನ್ನು ಬರೆದು, ಹೋಲಿಸಿ, ಸಿದ್ಧಾಂತದ ಜೊತೆ ಜೋಡಿಸುತ್ತಾಳೆ. ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿ ಅದೇ ಮನೆಗೆ ಹೋದರೆ ಆ ತಾಯಿಯ ಮಾಸಾಶನದ ಅರ್ಜಿ ಯಾವ ಟೇಬಲಿನಲ್ಲಿ ನಿಂತಿದೆ, ಮಗಳ ಶಾಲೆಯ ದಾಖಲಾತಿಗೆ ತಂದೆಯ ಹೆಸರಿನ ಕಾಲಂ ಅಡ್ಡ ಬಂದರೆ ಯಾರ ಹತ್ತಿರ ಮಾತಾಡಬೇಕು, ಅದನ್ನು ಹಿಡಿದು ಓಡಾಡುತ್ತಾಳೆ. ಮೊದಲನೆಯವಳಿಗೆ ಬೇಕಾದದ್ದು ಓದುವ, ಬರೆಯುವ ಕಸುವು. ಎರಡನೆಯವಳಿಗೆ ಬೇಕಾದದ್ದು ಕಚೇರಿಯವರ ಒರಟು ಮಾತನ್ನು ತಡೆದುಕೊಂಡು ಮರುದಿನ ಮತ್ತೆ ಹೋಗುವ ಗಟ್ಟಿತನ.

ಎಂ.ಎಸ್.ಡಬ್ಲ್ಯು.ದಲ್ಲಿ ಕ್ಷೇತ್ರಕಾರ್ಯ ಪಠ್ಯದ ಭಾಗವೇ. ವಾರದಲ್ಲಿ ಕೆಲವು ದಿನ ಆಸ್ಪತ್ರೆ, ಸಂಸ್ಥೆ, ಹಳ್ಳಿಗೆ ಹೋಗಿ ವರದಿ ಬರೆಯಬೇಕು, ಅದಕ್ಕೆ ಅಂಕವಿದೆ. ಓಡಾಟದ ಖರ್ಚು ಕೈಯಿಂದಲೇ ಹೋಗುತ್ತದೆ. ಯಾವ ಪದವಿಯವರೂ ಇದಕ್ಕೆ ಸೇರಬಹುದು. ಸಂಸ್ಥೆಗಳು, ಆಸ್ಪತ್ರೆಗಳ ಆಪ್ತ ಸಮಾಲೋಚನೆ, ಕಾರ್ಖಾನೆಗಳ ಎಚ್.ಆರ್. ವಿಭಾಗ, ಸರ್ಕಾರಿ ಯೋಜನೆಗಳ ಗುತ್ತಿಗೆ ಹುದ್ದೆ, ಹೀಗೆ ಕೆಲಸ ಬೇಗ ಸಿಗುವ ಸಾಧ್ಯತೆ ಐದರಲ್ಲಿ ಇದಕ್ಕೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಕಾರ್ಖಾನೆಗಳಲ್ಲಿ ಕಾರ್ಮಿಕ ಕಲ್ಯಾಣ ಅಧಿಕಾರಿ ಇರಲೇಬೇಕೆಂದು ಕಾನೂನೇ ಹೇಳುತ್ತದೆ, ನಮ್ಮಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಆದರೆ ಗಮನಿಸಿ: ಪಿಯುದಲ್ಲಿ ಸಮಾಜಕಾರ್ಯ ಎಂಬ ವಿಷಯವೇ ಇಲ್ಲ. ಪಿಯು ಉಪನ್ಯಾಸಕರಾಗುವ ಆಸೆ ಇಟ್ಟುಕೊಂಡು ಎಂ.ಎಸ್.ಡಬ್ಲ್ಯು. ಸೇರಿದರೆ ಆ ದಾರಿ ಅಲ್ಲಿಗೇ ಮುಚ್ಚಿತು. ಮಹಿಳಾ ಅಧ್ಯಯನಕ್ಕೂ ಇದೇ ಮಾತು. ಎರಡರಲ್ಲೂ ನೆಟ್ ಬರೆಯಬಹುದು, ಪಿಯು ಹುದ್ದೆ ಇಲ್ಲ.

ಸಮಾಜಶಾಸ್ತ್ರಕ್ಕೆ ಪಿಯು, ಪದವಿ ಎರಡೂ ಕಡೆ ಜಾಗವಿದೆ. ಅಂಕ ಸುಲಭವಾಗಿ ಬೀಳುತ್ತವೆ ಎಂಬ ಮಾತನ್ನು ಕಟ್ಟಿಕೊಂಡು ಬರುವವರಿಂದ ಅದಕ್ಕೆ ಅನ್ಯಾಯವಾಗಿದೆ. ಡರ್ಖೈಮ್, ವೆಬರ್ ಓದದೆ, ಎಂ.ಎನ್. ಶ್ರೀನಿವಾಸರು ಮೈಸೂರು ಕಡೆಯ ರಾಮಪುರ ಎಂಬ ಹಳ್ಳಿಯಲ್ಲಿ ಕೂತು ಕಟ್ಟಿದ ವಾದವನ್ನು ಬಿಡಿಸಿ ನೋಡದೆ, ಒಂದು ಸಮೀಕ್ಷೆಯ ಪ್ರಶ್ನಾವಳಿಯನ್ನು ಸ್ವಂತವಾಗಿ ಬರೆಯದೆ ಪದವಿ ಪಡೆದರೆ ಅದು ಕಾಗದ ಮಾತ್ರ. ಇಂಡಿ, ಸಿಂದಗಿ ಕಡೆಯಿಂದ ಗುಳೆ ಹೋಗುವ ಕುಟುಂಬಗಳು, ತಾಂಡಾಗಳಲ್ಲಿ ಅಜ್ಜಿಯ ಹತ್ತಿರ ಉಳಿಯುವ ಮಕ್ಕಳು, ಮುಂಗಡ ಪಡೆದು ಕಬ್ಬು ಕಡಿಯಲು ಬರುವ ಗ್ಯಾಂಗುಗಳು, ಹಳೆ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಮುಳುಗಡೆ ಕುಟುಂಬಗಳ ಒಡೆದ ಓಣಿಗಳು: ಬರೆಯುವವರಿಗಾಗಿ ಇವೆಲ್ಲ ಕಾದು ಕೂತಿವೆ. ಮಂದಿಯ ಮಾತು ಕೇಳುವುದರಲ್ಲಿ ನಿಮಗೆ ನಿಜವಾದ ಸುಖವಿದ್ದರೆ ಇದನ್ನೇ ಆರಿಸಿ.

ಎಲ್ಲಿ ಓದುವುದು

2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಮುಖ್ಯ ಆವರಣ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ. ವಿಜಯಪುರದ ತೊರವಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. ತೊರವಿಯಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇದೆ. 2003ರಲ್ಲಿ ಸ್ಥಾಪನೆಯಾದ ಅದಕ್ಕೆ ಈ ಹೆಸರು ಬಂದದ್ದು 2017ರಲ್ಲಿ. ಹೆಣ್ಣುಮಗಳನ್ನು ಊರು ಬಿಟ್ಟು ಕಳಿಸಲು ಮನೆಯವರು ಒಪ್ಪದ ಕಡೆ ಈ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಒಪ್ಪಿದ್ದನ್ನು ನೋಡಿದ್ದೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಬಸ್ಸಿನ ಖರ್ಚು ಇಲ್ಲವಾದ ಮೇಲೆ ಬಸವನ ಬಾಗೇವಾಡಿ, ಬಬಲೇಶ್ವರದಿಂದ ದಿನಾ ಓಡಾಡಿ ಓದುವುದೂ ಆಗುವ ಮಾತು. ಬಾಗಲಕೋಟೆ ಜಿಲ್ಲೆಯವರಿಗೆ 2023ರಿಂದ ಜಮಖಂಡಿಯಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಿದೆ. ಹೊಸ ವಿಶ್ವವಿದ್ಯಾಲಯಗಳನ್ನು ಉಳಿಸುವ, ವಿಲೀನ ಮಾಡುವ ಚರ್ಚೆ 2025ರಲ್ಲಿ ಜೋರಾಗಿ ನಡೆದಿರುವುದರಿಂದ ಸೇರುವ ಮೊದಲು ಪದವಿ ಪತ್ರ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ ಎಂದು ಕಚೇರಿಯಲ್ಲೇ ಕೇಳಿ.

ಕಟ್ಟಡ ನೋಡಿ ಮರುಳಾಗಬೇಡಿ. ಕೇಳಬೇಕಾದ್ದು ಎರಡು: ನಿಮ್ಮ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ, ಗ್ರಂಥಾಲಯ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ. ವರ್ಷದ ನಡುವೆ ಬರುವ ಅತಿಥಿ ಉಪನ್ಯಾಸಕರೇ ವಿಭಾಗ ನಡೆಸುತ್ತಿದ್ದರೆ, ಅವರು ಎಷ್ಟೇ ಚಲೋ ಪಾಠ ಮಾಡಲಿ, ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಮಾರ್ಗದರ್ಶಕರು ಸಿಗುವುದು ಕಷ್ಟ.

ದೂರಶಿಕ್ಷಣಕ್ಕೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಇಲ್ಲವೇ ಇಗ್ನೋ. ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಕನ್ನಡದಲ್ಲಿ ಓದಿ ಬರೆಯುವವರಿಗೆ ಮುಕ್ತ ವಿ.ವಿ. ಅನುಕೂಲ. ಇಗ್ನೋದ ಪಾಠಗಳು ಇಂಗ್ಲಿಷ್, ಹಿಂದಿಯಲ್ಲಿವೆ, ಆದರೆ ಅವು ಇ-ಜ್ಞಾನಕೋಶ ಜಾಲತಾಣದಲ್ಲಿ ಎಲ್ಲರಿಗೂ ಉಚಿತ. ರೆಗ್ಯುಲರ್ ಓದುವವರೂ ಜೆರಾಕ್ಸ್ ನೋಟ್ಸಿನ ಬದಲು ಅವನ್ನು ಓದಲಿ ಎಂಬುದು ನನ್ನ ಆಸೆ.

ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಿರಿ, ಅದರಲ್ಲಿ ಅಳುಕು ಬೇಡ. ಮುಂದಿನ ಪರೀಕ್ಷೆಗಳ ಲೆಕ್ಕ ಮಾತ್ರ ಮೊದಲೇ ಗೊತ್ತಿರಲಿ. ಕೆ-ಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ, ನೆಟ್‌ನದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನೆಟ್‌ನಲ್ಲಿ ಜೆಆರ್‌ಎಫ್ ಬಂದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಹಳ್ಳಿಯ ಬಡ ಮನೆಯ ಹುಡುಗರಿಗೆ ಅದು ಬದುಕೇ ಬದಲಿಸುವ ಮೊತ್ತ. ಹಾಗಾಗಿ ಓದುವುದನ್ನು ಎರಡೂ ಭಾಷೆಯಲ್ಲಿ ಓದಿ: ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಒಂದು ವಹಿಯಲ್ಲಿ ಅಕ್ಕಪಕ್ಕ ಬರೆದಿಡಿ. ಅರ್ಥಶಾಸ್ತ್ರದವರಿಗೆ ಇದು ಅನಿವಾರ್ಯ, ಏಕೆಂದರೆ ಎಂ.ಎ. ಮಟ್ಟದ ಒಳ್ಳೆಯ ಕನ್ನಡ ಪುಸ್ತಕಗಳು ಅಲ್ಲಿ ಕಡಿಮೆ.

ಇಷ್ಟಾದ ಮೇಲೂ ಎರಡು ವಿಷಯಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಒಂದು ಕೆಲಸ ಮಾಡಿ. ಎರಡೂ ವಿಭಾಗಗಳ ಹಿಂದಿನ ವರ್ಷದ ಮೂರನೇ ಸೆಮಿಸ್ಟರಿನ ಪ್ರಶ್ನೆಪತ್ರಿಕೆ ತಂದುಕೊಳ್ಳಿ. ಮೊದಲ ಸೆಮಿಸ್ಟರಿನದು ಬೇಡ, ಅದು ಮೇಲ್ನೋಟಕ್ಕೆ ಬಿ.ಎ.ದಂತೆಯೇ ಕಾಣುತ್ತದೆ. ಉತ್ತರ ಗೊತ್ತಿಲ್ಲದಿದ್ದರೂ ಯಾವ ಪತ್ರಿಕೆಯ ಪ್ರಶ್ನೆಗಳು ಮರುದಿನವೂ ತಲೆಯಲ್ಲಿ ಉಳಿದವು ನೋಡಿ. ಸಾಧ್ಯವಾದರೆ ವಿಭಾಗದ ಮುಖ್ಯಸ್ಥರ ಅನುಮತಿ ಕೇಳಿ ಒಂದು ತರಗತಿಯಲ್ಲಿ ಹಿಂದೆ ಕೂತು ಬನ್ನಿ. ಅಲ್ಲಿನ ಎರಡನೇ ವರ್ಷದವರನ್ನು "ಪ್ರಬಂಧಕ್ಕ ಏನ್ ವಿಷಯ ತಗೊಂಡೀರಿ ಅಣ್ಣಾ, ಅಕ್ಕಾ?" ಎಂದು ಕೇಳಿ. ಹುಮ್ಮಸ್ಸಿನಿಂದ ಹೇಳುವವರು ನಾಲ್ಕು ಮಂದಿ ಸಿಕ್ಕರೆ ಆ ವಿಭಾಗ ಚೆನ್ನಾಗಿದೆ ಎಂದರ್ಥ.

ಅರ್ಜಿ ಹಾಕುವ ಹೊತ್ತಿಗೆ ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ನಿಲ್ಲುವುದು ಹೆಚ್ಚಾಗಿ ಈ ಎರಡು ಕಾರಣಕ್ಕೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿಗೆಂದು ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ನೆರವಿದೆ. ವಿಜಯಪುರದ ಕೆಲವರು ತಮಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ 371(ಜೆ) ಮೀಸಲಾತಿ ಇದೆ ಎಂದುಕೊಂಡಿರುತ್ತಾರೆ. ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆಯದಾದರೂ ವಿಜಯಪುರ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು. ಆ ಮೀಸಲಾತಿ ಇಲ್ಲಿಗಿಲ್ಲ. ಆ ಕಾಲಂ ತುಂಬಿ ಅರ್ಜಿ ಕೆಡಿಸಿಕೊಳ್ಳಬೇಡಿ.